ರೈಲೋ, ಸೈಕಲ್ಲೋ? ಎರಡು ಶ್ರೀರಾಂಪುರಗಳ ಸಂಜೆ ಲೆಕ್ಕ

ಸಂಜೆ ಆರು ಗಂಟೆ. ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಗಳ ಗೇಟು ತೆರೆಯುವ ಹೊತ್ತು. ಹೊರಗೆ ಬರುವ ಜನರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಸಾಕು, ಹೊಸದುರ್ಗದ ಮಾತು, ಹಿರಿಯೂರಿನ ಮಾತು, ಹೊಳಲ್ಕೆರೆಯ ಮಾತು ಕೇಳಿಬರುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಚಿತ್ರದುರ್ಗದ ಕಡೆಯವರಿಗೆ ಬೆಂಗಳೂರಿನ ಹೆಬ್ಬಾಗಿಲು ತುಮಕೂರು ರಸ್ತೆ. ಬಸ್ಸಿನಿಂದ ಇಳಿದ ಕಡೆಯೇ ಕೆಲಸ ಹುಡುಕಿಕೊಂಡವರು ಬಹಳ ಮಂದಿ.

ಅವರಲ್ಲಿ ಒಬ್ಬ ಹುಡುಗ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದವನು ಎಂದಿಟ್ಟುಕೊಳ್ಳಿ. ಬಾಡಿಗೆಗೆ ಕೋಣೆ ಸಿಕ್ಕಿದ್ದು ಬೆಂಗಳೂರಿನ ಶ್ರೀರಾಂಪುರದಲ್ಲಿ ಎಂದೂ ಇಟ್ಟುಕೊಳ್ಳಿ. ಹೆಸರು ಒಂದೇ, ಊರು ಬೇರೆ. ಹುಟ್ಟಿದ ಶ್ರೀರಾಂಪುರಕ್ಕೆ ರೈಲು ಎಂದೂ ಬಂದದ್ದಿಲ್ಲ. ಬಾಡಿಗೆಗೆ ಇರುವ ಶ್ರೀರಾಂಪುರಕ್ಕೆ 2014ರ ಮಾರ್ಚ್ 1ರಿಂದ ಮೆಟ್ರೋ ರೈಲು ಬರುತ್ತಿದೆ. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಹತ್ತಿದರೆ ಗೊರಗುಂಟೆಪಾಳ್ಯ, ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ರಾಜಾಜಿನಗರ ದಾಟಿ ಎಂಟನೆಯ ನಿಲ್ದಾಣದಲ್ಲಿ ಇಳಿಯಬಹುದು.

ಆದರೂ ದಿನಾ ಸಂಜೆ ಗೇಟಿನ ಹೊರಗೆ ನಿಂತಾಗ ಒಂದು ಪ್ರಶ್ನೆ ತಲೆಗೆ ಬರುತ್ತದೆ. ಜೇಬಿನಲ್ಲಿರುವ ದುಡ್ಡು ಕೊಟ್ಟು ರೈಲು ಹತ್ತುವುದೋ, ಇಲ್ಲಾ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡು ತುಳಿದುಕೊಂಡೇ ಹೋಗುವುದೋ?

ಇದು ಒಬ್ಬನ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಾಳೆ ಹಿರಿಯೂರು, ಚಿತ್ರದುರ್ಗಗಳಿಗೆ ಹೊಸ ರೈಲು ಮಾರ್ಗ ಬರಲಿರುವಾಗ ಇದೇ ಪ್ರಶ್ನೆ ಜಿಲ್ಲೆಗೂ ಬರುತ್ತದೆ. ಆದ್ದರಿಂದ ಲೆಕ್ಕವನ್ನು ಈಗಲೇ ಹಾಕಿ ನೋಡುವುದು ಒಳ್ಳೆಯದು.

ಗಡಿಯಾರದ ಲೆಕ್ಕ

ಪೀಣ್ಯದಿಂದ ಶ್ರೀರಾಂಪುರಕ್ಕೆ ಸುಮಾರು 9 ಕಿಲೋಮೀಟರ್. ರೈಲು ಇದನ್ನು ಇಪ್ಪತ್ತು ನಿಮಿಷದೊಳಗೆ ಮುಗಿಸುತ್ತದೆ. ಸೈಕಲ್ಲಿಗೆ ಗಂಟೆಗೆ 12 ಕಿ.ಮೀ. ವೇಗ ಎಂದು ಹಿಡಿದರೆ 45 ನಿಮಿಷ ಬೇಕು. ಮೇಲ್ನೋಟಕ್ಕೆ ರೈಲೇ ಗೆದ್ದಿತು.

ಆದರೆ ರೈಲು ಕಾರ್ಖಾನೆ ಗೇಟಿಗೆ ಬರುವುದಿಲ್ಲವಲ್ಲ! ಗೇಟಿನಿಂದ ನಿಲ್ದಾಣಕ್ಕೆ ಕಾಲ್ನಡಿಗೆ ಹತ್ತರಿಂದ ಹದಿನೈದು ನಿಮಿಷ. ಪೀಣ್ಯ ಚಿಕ್ಕ ಜಾಗವಲ್ಲ, ಒಳಗಿನ ಹಂತಗಳಲ್ಲಿ ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು. ಆಮೇಲೆ ಮೆಟ್ಟಿಲು ಹತ್ತಬೇಕು, ಚೀಲ ತಪಾಸಣೆಗೆ ಕೊಡಬೇಕು, ಸಂಜೆಯ ಸಾಲಿನಲ್ಲಿ ನಿಲ್ಲಬೇಕು, ರೈಲಿಗೆ ಕಾಯಬೇಕು. ಇದಕ್ಕೆ ಹತ್ತು ನಿಮಿಷ. ಇಳಿದ ಮೇಲೆ ಕೋಣೆಗೆ ಮತ್ತೆ ಹತ್ತು ನಿಮಿಷದ ನಡಿಗೆ. ಎಲ್ಲ ಕೂಡಿಸಿದರೆ ರೈಲಿಗೂ ಮುಕ್ಕಾಲು ಗಂಟೆ ಮೀರುತ್ತದೆ. ಅಲ್ಲಿಗೆ ಎರಡೂ ಸರಿಸಮ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ರೈಲಿನವನು ಕಳೆದುಕೊಂಡ ಸಮಯ ರೈಲಿನ ಒಳಗೆ ಕಳೆದದ್ದಲ್ಲ. ರೈಲಿನ ಹೊರಗೆ, ನಿಲ್ದಾಣದ ಆಚೆ ಈಚೆ ಕಳೆದದ್ದು. ಕೋಟ್ಯಂತರ ರೂಪಾಯಿ ಸುರಿದು ರೈಲಿನ ವೇಗ ಹೆಚ್ಚಿಸಿದ ಮೇಲೂ ಜನರ ಹೊತ್ತು ಉಳಿಯದಿದ್ದರೆ ಅದಕ್ಕೆ ಕಾರಣ ಆ ಒಂದು ಮೈಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿಗೆ ಒಪ್ಪುತ್ತದೆ.

ದುಡ್ಡಿನ ಲೆಕ್ಕ

2025ರ ಫೆಬ್ರವರಿ 9ರಂದು ಬೆಂಗಳೂರು ಮೆಟ್ರೋ ಪ್ರಯಾಣ ದರ ಏರಿತು. ಕನಿಷ್ಠ ದರ 10 ರೂಪಾಯಿಯಲ್ಲೇ ಉಳಿದರೂ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕೆಲವು ನಿಲ್ದಾಣಗಳ ನಡುವೆ ಏರಿಕೆ ದುಪ್ಪಟ್ಟಿನ ಹತ್ತಿರ ಬಂತೆಂದು ಜನ ಕೂಗಾಡಿದ ಮೇಲೆ ಅಲ್ಲಲ್ಲಿ ಸ್ವಲ್ಪ ಇಳಿಸಿ ಸಮಾಧಾನ ಮಾಡಲಾಯಿತು. ಕಾರ್ಡಿನಲ್ಲಿ ಹೋಗುವವರಿಗೆ ಶೇಕಡ 5ರ ರಿಯಾಯಿತಿ ಇಟ್ಟರು. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೋದರೆ ಇನ್ನೂ 5. ಆದರೆ ಸಂಜೆ ಆರಕ್ಕೆ ಗೇಟು ಬಿಡುವ ಕಾರ್ಮಿಕನಿಗೆ ಜನಸಂದಣಿ ಇಲ್ಲದ ಹೊತ್ತು ಎಲ್ಲಿಂದ ಬರಬೇಕು?

ಒಂದು ಕಡೆಗೆ 40 ರೂಪಾಯಿ ಎಂದೇ ಹಿಡಿಯಿರಿ. ಹೋಗಿಬರಲು ದಿನಕ್ಕೆ 80. ತಿಂಗಳಿಗೆ 26 ದಿನದ ಕೆಲಸವಾದರೆ 2,080 ರೂಪಾಯಿ. ಕಾರ್ಡಿನ ರಿಯಾಯಿತಿ ಕಳೆದರೂ ಎರಡು ಸಾವಿರಕ್ಕೆ ಹತ್ತಿರ. ಕಂಪ್ಯೂಟರ್ ಕಂಪನಿಯವನಿಗೆ ಇದು ಒಂದು ರಾತ್ರಿ ಊಟದ ಬಿಲ್ಲು. ದಿನಗೂಲಿಯ ಲೆಕ್ಕದಲ್ಲಿ ಬದುಕುವವನಿಗೆ ಊರಿಗೆ ಕಳಿಸಬೇಕಾದ ದುಡ್ಡು. ಹಿಂದೆ ಅದು ಮನಿಯಾರ್ಡರ್ ಆಗಿ ಹೋಗುತ್ತಿತ್ತು, ಈಗ ಫೋನಿನಲ್ಲಿ ಹೋಗುತ್ತದೆ. ಅಷ್ಟೇ ವ್ಯತ್ಯಾಸ. ದುಡ್ಡು ಕಮ್ಮಿ ಬಂದಾಗ ಅವ್ವ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: "ಯಾಕಪ್ಪಾ, ಈ ತಿಂಗಳು ಏನಾತು?"

ಸೈಕಲ್ಲಿನ ಖರ್ಚು ಕೊಳ್ಳುವಾಗ ಒಂದು ಸಲ. ಆಮೇಲೆ ಪಂಕ್ಚರ್, ಬ್ರೇಕ್ ಶೂ, ಚೈನಿಗೆ ಎಣ್ಣೆ. ತಿಂಗಳಿಗೆ ನೂರು ಇನ್ನೂರರಲ್ಲಿ ಮುಗಿಯುವ ಬಾಬತ್ತು. ಮೂರು ತಿಂಗಳ ರೈಲು ಖರ್ಚಿನಲ್ಲಿ ಒಂದು ಹಳೆಯ ಸೈಕಲ್ ಬಂದೀತು.

ಹಾಗಾದರೆ ಹೊತ್ತು ಸರಿಸಮ, ದುಡ್ಡು ಉಳಿತಾಯ. ಆದರೂ ಪೀಣ್ಯದ ಗೇಟುಗಳಿಂದ ಸಂಜೆ ಸೈಕಲ್ಲುಗಳ ಹಿಂಡು ಯಾಕೆ ಹೊರಡುವುದಿಲ್ಲ?

ಲೆಕ್ಕಕ್ಕೆ ಸಿಗದ ಲೆಕ್ಕ

ಬೆಳಿಗ್ಗೆಯ ಸೈಕಲ್ಲೇ ಬೇರೆ, ಸಂಜೆಯ ಸೈಕಲ್ಲೇ ಬೇರೆ. ಎಂಟು ಗಂಟೆ ಯಂತ್ರದ ಮುಂದೆ ನಿಂತ ಕಾಲಿಗೆ 9 ಕಿ.ಮೀ. ಎಂದರೆ 18 ಇದ್ದಂತೆ. ಅದೂ ಯಾವ ರಸ್ತೆಯಲ್ಲಿ? ತುಮಕೂರು ರಸ್ತೆಯಲ್ಲಿ. ಮುಂಬೈ, ಪುಣೆ, ಹುಬ್ಬಳ್ಳಿ ಕಡೆಯ ಲಾರಿ, ಜಿಲ್ಲೆ ಜಿಲ್ಲೆಗಳ ಬಸ್ಸು, ಕಂಪನಿ ವ್ಯಾನು, ಕಾರು, ಆಟೋ ಎಲ್ಲವೂ ಅಲ್ಲೇ. ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆ ಬಂದು ಸೇರುತ್ತದೆ. ಮೇಲೆ ಫ್ಲೈಓವರ್, ಕೆಳಗೆ ನೂಕುನುಗ್ಗಲು. ಅಲ್ಲಿ ಸೈಕಲ್ ದಾಟಿಸುವವನಿಗೆ ದೇವರೇ ಗತಿ. ಎಡಗಡೆ ಸರಿದರೆ ನಿಂತ ಬಸ್ಸು, ಬಲಗಡೆ ಸರಿದರೆ ಓಡುವ ಲಾರಿ.

ಇನ್ನು ಮಳೆ. ಬೆಂಗಳೂರಿನ ಮಳೆಗೆ ಸಂಜೆಯ ಮೇಲೆ ವಿಶೇಷ ಪ್ರೀತಿ. ಏಪ್ರಿಲ್ ಮೇ ತಿಂಗಳಲ್ಲಿ ಒಂದು ಸಲ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು ಸಲ, ಆಫೀಸು ಬಿಡುವ ಹೊತ್ತಿಗೇ ಸುರಿಯುತ್ತದೆ. ನೀರು ನಿಂತ ಕಡೆ ಗುಂಡಿ ಕಾಣುವುದಿಲ್ಲ. ಜೊತೆಗೆ ಕತ್ತಲು. ಒಂದು ಕಾಲದಲ್ಲಿ ಸೈಕಲ್ಲಿಗೆ ದೀಪವಿಲ್ಲದಿದ್ದರೆ ಪೋಲೀಸಿನವರು ಹಿಡಿಯುತ್ತಿದ್ದರು. ಡೈನಮೊ ಇಲ್ಲದವನು ಕೈಯಲ್ಲಿ ಟಾರ್ಚು ಹಿಡಿದು ಹೋಗುತ್ತಿದ್ದ. ಈಗ ಸೈಕಲ್ಲಿಗೆ ದೀಪ ಇದೆಯೋ ಇಲ್ಲವೋ ಕೇಳುವವರಿಲ್ಲ, ರಸ್ತೆಗೆ ದೀಪ ಇದೆಯೋ ಇಲ್ಲವೋ ಅದನ್ನೂ ಕೇಳುವವರಿಲ್ಲ.

ರೈಲಿನಲ್ಲಿ ಮಳೆಯಿಲ್ಲ, ಲಾರಿಯಿಲ್ಲ. ಕೂರಲು ಜಾಗ ಸಿಗದಿದ್ದರೂ ಕಂಬಕ್ಕೆ ಒರಗಿ ಕಣ್ಣು ಮುಚ್ಚಬಹುದು. ಜೊತೆಯವನು "ಬಾರೋ, ಸುಮ್ನೆ ಮೆಟ್ರೋಗೆ ಹೋಗಾನ" ಅಂದರೆ ಸೈಕಲ್ ಕನಸು ಅಲ್ಲಿಗೇ ಮುಗಿಯಿತು. ದಿನಕ್ಕೆ 80 ರೂಪಾಯಿ ಕೊಡುವುದು ವೇಗಕ್ಕಲ್ಲ. ಜೀವಕ್ಕೆ ಕೊಡುವ ವಿಮೆಯ ಕಂತು ಅದು. ಸೈಕಲ್ ತುಳಿಯುವವನಿಗೆ ಬೇರೆ ದಾರಿಯನ್ನೇ ಮಾಡಿಕೊಡದ ನಗರ ಆ ಕಂತನ್ನು ಬಡವನ ಜೇಬಿನಿಂದ ವಸೂಲು ಮಾಡುತ್ತಿದೆ ಎಂದರೆ ಅತಿಶಯೋಕ್ತಿ ಆಗಲಾರದು.

ಹೆಣ್ಣುಮಕ್ಕಳ ಮಾತು ಬೇರೆಯೇ. ಪೀಣ್ಯ, ಯಶವಂತಪುರದ ಸುತ್ತಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಮುಂದೆ ಮೂರನೆಯ ದಾರಿಯೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಆ ಯೋಜನೆ ಮೆಟ್ರೋಗೆ ಅನ್ವಯಿಸುವುದಿಲ್ಲ. ಆದ್ದರಿಂದ ಗಂಡನೋ ತಮ್ಮನೋ ರೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬಂದರೆ, ಅದೇ ದಾರಿಯಲ್ಲಿ ಹೆಂಗಸರು ಬಸ್ಸಿಗೆ ಕಾದು, ಸಿಗ್ನಲ್ಲಿನಲ್ಲಿ ನಿಂತು, ಕತ್ತಲಾದ ಮೇಲೆ ಮನೆ ಸೇರಬೇಕು. ಬಸ್ಸಿನಲ್ಲಿ ದುಡ್ಡು ಉಳಿದರೂ ಹೊತ್ತು ಹೋಗುತ್ತದೆ. ಸಂಜೆಯ ಒಂದು ಗಂಟೆ ಎಂದರೆ ಮನೆಯಲ್ಲಿ ಅಡಿಗೆ, ನೀರು, ಮಕ್ಕಳ ಓದು ಎಂಬುದನ್ನು ಮರೆಯುವಂತಿಲ್ಲ.

ಸೈಕಲ್ಲನ್ನೇ ರೈಲಿಗೆ ಹತ್ತಿಸಿದರೆ?

ಎರಡನ್ನೂ ಕೂಡಿಸಬಾರದೇ ಎಂದು ಬುದ್ಧಿವಂತರು ಕೇಳುತ್ತಾರೆ. ಕೇಳಬೇಕಾದ್ದೇ. 2020ರ ನವೆಂಬರಿನಲ್ಲಿ ಬೆಂಗಳೂರು ಮೆಟ್ರೋದವರು ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟರು. ಮಡಚಿದ ಮೇಲೆ 60 ಸೆಂಟಿಮೀಟರ್ ಉದ್ದ, 45 ಅಗಲ, 25 ದಪ್ಪ ಮೀರಬಾರದು, ತೂಕ 15 ಕಿಲೋದೊಳಗೆ ಇರಬೇಕು ಎಂಬುದು ನಿಯಮ. ಅದೇ ತಿಂಗಳು ಕೊಚ್ಚಿ ಮೆಟ್ರೋದವರು ಮಡಚದ ಮಾಮೂಲಿ ಸೈಕಲ್ಲನ್ನೂ ಒಳಗೆ ಬಿಟ್ಟುಕೊಂಡರು.

ಮಡಚುವ ಸೈಕಲ್ ಒಳ್ಳೆಯ ವಸ್ತುವೇ. ಆದರೆ ಅದರ ಬೆಲೆ ಕೇಳಿದರೆ ಮಾಮೂಲಿ ಕಾರ್ಮಿಕ ಮೊದಲು ತನ್ನ ಪರ್ಸನ್ನು ಮಡಚಿ ಒಳಗಿಡುತ್ತಾನೆ. ಅವನ ಹತ್ತಿರ ಇರುವುದು ಹಿಂದೆ ಕ್ಯಾರಿಯರ್ ಹಾಕಿಸಿದ, ಮುಂದೆ ಟಿಫನ್ ಚೀಲ ನೇತುಹಾಕುವ, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಸೈಕಲ್. ಅದನ್ನು ಮಡಚುವುದಾದರೂ ಹೇಗೆ, ಸ್ವಾಮಿ?

ಸೈಕಲ್ಲಿಗೆ ಹೆಸರಾದ ಹಾಲೆಂಡಿನಲ್ಲೂ ಇದೇ ಕಥೆ. ಅಲ್ಲಿ ಸಂಜೆ ಜನಸಂದಣಿಯ ಹೊತ್ತಿನಲ್ಲಿ ಮಡಚದ ಸೈಕಲ್ಲನ್ನು ರೈಲಿಗೆ ಹತ್ತಿಸಲು ಬಿಡುವುದಿಲ್ಲ. ಅದರ ಬದಲು ನಿಲ್ದಾಣದ ಹತ್ತಿರವೇ ಸೈಕಲ್ ನಿಲ್ಲಿಸಲು ಜಾಗ ಮಾಡಿದ್ದಾರೆ. ಉಟ್ರೆಕ್ಟ್ ಎಂಬ ಊರಿನ ನಿಲ್ದಾಣದಡಿಯಲ್ಲಿ 2019ರಲ್ಲಿ ಪೂರ್ತಿಯಾದ ಸೈಕಲ್ ಸ್ಟ್ಯಾಂಡಿನಲ್ಲಿ 12,500 ಸೈಕಲ್ ನಿಲ್ಲುತ್ತವೆ. ಬೆಳಿಗ್ಗೆ ಮನೆಯಿಂದ ತುಳಿದುಕೊಂಡು ಬಂದು, ನಿಲ್ಲಿಸಿ, ರೈಲು ಹತ್ತಿದರೆ ಸಂಜೆ ಇಳಿದಾಗ ಸೈಕಲ್ ಕಾದಿರುತ್ತದೆ. ದೊಡ್ಡ ವಿದ್ಯೆಯೇನಲ್ಲ. ಸಿನಿಮಾ ಟಾಕೀಸಿನ ಮುಂದೆ ಟೋಕನ್ ಕೊಟ್ಟು ಸೈಕಲ್ ನಿಲ್ಲಿಸಿಕೊಳ್ಳುತ್ತಿದ್ದ ದುರ್ಗದವರಿಗೆ ಇದನ್ನು ಹಾಲೆಂಡಿನವರು ಬಂದು ಹೇಳಿಕೊಡಬೇಕಾಗಿಲ್ಲ.

ನಮ್ಮ ಹುಡುಗನ ಲೆಕ್ಕವನ್ನು ಈ ರೀತಿ ಮತ್ತೆ ಹಾಕಿ ನೋಡಿ. ಗೇಟಿನಿಂದ ನಿಲ್ದಾಣಕ್ಕೆ ನಡೆಯುವ ಹದಿನೈದು ನಿಮಿಷ ಸೈಕಲ್ಲಿನಲ್ಲಿ ಐದಾಗುತ್ತದೆ. ಒಟ್ಟು ಹೊತ್ತಿನಲ್ಲಿ ಹತ್ತು ನಿಮಿಷ ಉಳಿಯುತ್ತದೆ. ಅಲ್ಲಿಗೆ ರೈಲು ಕೊಟ್ಟ ದುಡ್ಡಿಗೆ ನ್ಯಾಯ ಸಿಕ್ಕಿತು. ರೈಲೋ ಸೈಕಲ್ಲೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಅದಕ್ಕೆ ಎರಡು ವಸ್ತು ಬೇಕು. ನಿಲ್ಲಿಸಿದ ಸೈಕಲ್ ಸಂಜೆ ಅಲ್ಲೇ ಇರುತ್ತದೆ ಎಂಬ ನಂಬಿಕೆ, ನಿಲ್ದಾಣದವರೆಗೆ ಜೀವ ಉಳಿಸಿಕೊಂಡು ಹೋಗುವ ದಾರಿ.

ಕಾಗದದ ಮೇಲಿನ ದಾರಿ

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೇ? ಗೊತ್ತಿದೆ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ, ರಸ್ತೆ ಇರುವುದು ವಾಹನ ಸಾಗಿಸಲು ಅಲ್ಲ, ಜನರನ್ನು ಸಾಗಿಸಲು ಎಂಬ ತತ್ವವಿದೆ. ಸೈಕಲ್ಲಿಗೆ ಪ್ರತ್ಯೇಕ ದಾರಿ ಬೇಕು ಎಂಬ ಮಾತೂ ಇದೆ. ನೀತಿಗೆ ಬರವಿಲ್ಲ.

ಪ್ರಯೋಗಕ್ಕೂ ಬರವಿಲ್ಲ. ಮೈಸೂರಿನಲ್ಲಿ 2017ರ ಜೂನಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನ ಸಾರ್ವಜನಿಕ ಸೈಕಲ್ ಯೋಜನೆ ಶುರುವಾಯಿತು. ಸುಮಾರು 450 ಸೈಕಲ್, ಊರ ತುಂಬ ನಿಲ್ದಾಣ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಹಳೆಯ ಅಂಗಡಿಯೇ ಹೊಸ ಅಂಗಿ ತೊಟ್ಟು ಬಂದಂತೆ. ಬೆಂಗಳೂರಿನಲ್ಲಿ ಯುಲು ಮುಂತಾದ ಕಂಪನಿಗಳು ಫೋನಿನಲ್ಲಿ ಬೀಗ ತೆಗೆಯುವ ಬಾಡಿಗೆ ಗಾಡಿಗಳನ್ನು ಮೆಟ್ರೋ ನಿಲ್ದಾಣಗಳ ಹತ್ತಿರ ಇಟ್ಟವು. ಪೆಡಲ್ ತುಳಿಯುವ ಸೈಕಲ್ಲಿಗಿಂತ ಬ್ಯಾಟರಿ ಗಾಡಿಗೇ ಗಿರಾಕಿ ಹೆಚ್ಚಾದದ್ದು ಬೇರೆ ಮಾತು.

2020ರಲ್ಲಿ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಗೂಟ ನೆಟ್ಟು, ಬಣ್ಣ ಬಳಿದು ಸೈಕಲ್ ದಾರಿ ಮಾಡಿದರು. ಅದು ಬಹಳ ಕಾಲ ಬಾಳಲಿಲ್ಲ. ಗೂಟ ಹೋಯಿತು, ಬಣ್ಣ ಮಾಸಿತು, ಬೈಕುಗಳು ನುಗ್ಗಿದವು. ಆ ದಾರಿ ಮಾಡಿದ್ದು ಐ.ಟಿ. ಕಂಪನಿಗಳ ಕಡೆ ಎಂಬುದನ್ನೂ ಗಮನಿಸಬೇಕು. ಬೇರೆ ವಾಹನವಿಲ್ಲದೆ ಸೈಕಲ್ಲೇ ಗತಿಯಾದ ಕಾರ್ಮಿಕರಿರುವ ಪೀಣ್ಯದ ಕಡೆಗೆ ಅಂಥ ಗೂಟವೂ ಬರಲಿಲ್ಲ.

ಹೆಸರಿಗೆ ಹೊಸದುರ್ಗ

ಈಗ ಇನ್ನೊಂದು ಶ್ರೀರಾಂಪುರಕ್ಕೆ ಬರೋಣ. ಬೆಂಗಳೂರಿನ ಶ್ರೀರಾಂಪುರದವನಿಗೆ ರೈಲೋ ಸೈಕಲ್ಲೋ ಎಂದು ಯೋಚಿಸುವ ಭಾಗ್ಯವಾದರೂ ಇದೆ. ಹೊಸದುರ್ಗದ ಶ್ರೀರಾಂಪುರದವನಿಗೆ ಆ ಯೋಚನೆಯೇ ಇಲ್ಲ. ಹೋಬಳಿ ಕೇಂದ್ರವಾದ ಈ ಊರಿಗೆ ಬಸ್ಸೇ ಎಲ್ಲ. ಬೆಂಗಳೂರಿಗೆ ಹೋಗಬೇಕಾದರೆ ಹುಳಿಯಾರು, ಚಿಕ್ಕನಾಯಕನಹಳ್ಳಿ, ತುಮಕೂರು ಎಂದು ರಸ್ತೆ ಹಿಡಿಯುತ್ತಾರೆ.

ತಾಲ್ಲೂಕಿಗೆ ರೈಲೇ ಇಲ್ಲವೆಂದಲ್ಲ. ಬೆಂಗಳೂರು–ಹರಿಹರ ಮಾರ್ಗ 1889ರ ವೇಳೆಗೇ ಆಯಿತು. ಆ ಮಾರ್ಗದಲ್ಲಿ ಬೀರೂರು ಮತ್ತು ಚಿಕ್ಕಜಾಜೂರಿನ ನಡುವೆ 'ಹೊಸದುರ್ಗ ರೋಡ್' ಎಂಬ ನಿಲ್ದಾಣವಿದೆ. ಬೋರ್ಡಿನಲ್ಲಿ ಹೊಸದುರ್ಗ ಇದೆ, ಸುತ್ತ ನೋಡಿದರೆ ಹೊಸದುರ್ಗ ಇಲ್ಲ! ಪಟ್ಟಣಕ್ಕೂ ನಿಲ್ದಾಣಕ್ಕೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಅಂತರ. ಶ್ರೀರಾಂಪುರಕ್ಕೆ ಇನ್ನೂ ದೂರ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎನ್ನುವುದು ಇದಕ್ಕೇ. ಗೋಕಾಕ್ ರೋಡ್, ಗೋಕರ್ಣ ರೋಡ್ ಹೀಗೆ ರಾಜ್ಯದಲ್ಲಿ 'ರೋಡ್' ಎಂಬ ಬಾಲ ಅಂಟಿಸಿಕೊಂಡ ನಿಲ್ದಾಣಗಳು ಇನ್ನೂ ಇವೆ. ಊರು ಇಲ್ಲಿಲ್ಲ, ಊರಿನ ರಸ್ತೆ ಮಾತ್ರ ಇಲ್ಲಿದೆ ಎಂದು ರೈಲ್ವೆಯವರೇ ಒಪ್ಪಿಕೊಂಡಂತೆ!

ಸಂಜೆ ಹೊಸದುರ್ಗ ರೋಡಿನಲ್ಲಿ ಇಳಿದವನ ಪಾಡು ನೋಡಿ. ಬಸ್ಸು ಸಿಕ್ಕರೆ ಪುಣ್ಯ. ತಪ್ಪಿದರೆ ಆಟೋದವನು ಹೇಳಿದ್ದೇ ದರ. ಸೈಕಲ್ ಇದ್ದರೂ ಇಪ್ಪತ್ತು ಕಿ.ಮೀ. ತುಳಿಯಲು ಒಂದೂವರೆ ಗಂಟೆ ಬೇಕು, ಅದೂ ಕತ್ತಲಲ್ಲಿ. ಕೋವಿಡ್ ಕಾಲದಲ್ಲಿ 30 ರೂಪಾಯಿಗೆ ಏರಿದ್ದ ಪ್ಯಾಸೆಂಜರ್ ರೈಲಿನ ಕನಿಷ್ಠ ದರ 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. ರೈಲಿಗೆ ಹತ್ತು ರೂಪಾಯಿ, ನಿಲ್ದಾಣದಿಂದ ಮನೆಗೆ ಅದರ ಹತ್ತರಷ್ಟು ಎಂದಾದರೆ ಅಗ್ಗದ ರೈಲು ಯಾರಿಗೆ ಅಗ್ಗ?

ಚಿತ್ರದುರ್ಗಕ್ಕೆ ಚಿಕ್ಕಜಾಜೂರಿನಿಂದ ಕವಲು ಮಾರ್ಗ 1921ರಲ್ಲಿ ಬಂತು. ಹಿರಿಯೂರು ತಾಲ್ಲೂಕಿಗೆ ಅದೂ ಬರಲಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನವಿಡೀ ವಾಹನ ನೋಡುವ ಹಿರಿಯೂರಿನ ಜನ ರೈಲಿನ ಕೂಗು ಕೇಳಲು ಬೇರೆ ಊರಿಗೆ ಹೋಗಬೇಕಾಗಿತ್ತು.

ಬರುವ ರೈಲು, ಬಾರದ ಬುದ್ಧಿ

ಆ ಕೊರತೆ ನೀಗಿಸಲು ಬರುತ್ತಿರುವುದೇ ತುಮಕೂರು–ದಾವಣಗೆರೆ ನೇರ ಮಾರ್ಗ. 2011-12ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದ ಯೋಜನೆ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಒಟ್ಟು 191 ಕಿಲೋಮೀಟರ್. ಅರ್ಧ ವೆಚ್ಚ ಕೇಂದ್ರದ್ದು, ಅರ್ಧ ರಾಜ್ಯದ್ದು. ಮಂಜೂರಾದಾಗ ಹುಟ್ಟಿದ ಮಗು ಹೈಸ್ಕೂಲು ಸೇರಿದ ಮೇಲೂ ಮುಗಿಯದ ಕಾಮಗಾರಿ. ಭೂಸ್ವಾಧೀನ, ಪರಿಹಾರ, ಟೆಂಡರು ಎಂದು ಒಂದೊಂದಾಗಿ ದಾಟಿಕೊಂಡು ಬರುತ್ತಿದೆ. ತಡವಾದರೂ ಬರುತ್ತದೆ ಎಂಬ ನಂಬಿಕೆ ಜಿಲ್ಲೆಯ ಜನರಲ್ಲಿದೆ. ಈಗ ಅರಸೀಕೆರೆ, ಬೀರೂರು ಸುತ್ತಿಕೊಂಡು ಬರುವ ಬೆಂಗಳೂರು ದಾರಿ ಆಗ ನೇರವಾಗುತ್ತದೆ.

ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ರೈಲು ಯಾವಾಗ ಬರುತ್ತದೆ? ಆದರೆ ರೈಲು ಬಂದ ಸಂಜೆ ಇಳಿದವನು ಮನೆಗೆ ಹೇಗೆ ಹೋಗುತ್ತಾನೆ ಎಂಬ ಪ್ರಶ್ನೆಯನ್ನು ಕೇಳುವವರು ಕಾಣುವುದಿಲ್ಲ. ಭೂಮಿ ಸುಲಭವಾಗಿ ಸಿಕ್ಕ ಕಡೆ, ತಿರುವು ಕಮ್ಮಿ ಇರುವ ಕಡೆ ಹಳಿ ಹಾಕುವುದು ಇಂಜಿನಿಯರರ ರೂಢಿ. ಅದು ತಪ್ಪಲ್ಲ, ಅವರ ಕೆಲಸ ಹಳಿ ಹಾಕುವುದು. ಆದರೆ ಊರಿನಿಂದ ನಿಲ್ದಾಣಕ್ಕೆ ದಾರಿ ಮಾಡುವುದು ಯಾರ ಕೆಲಸ? ರೈಲ್ವೆಯವರನ್ನು ಕೇಳಿದರೆ ನಗರಸಭೆ ಕಡೆ ಕೈ ತೋರಿಸುತ್ತಾರೆ. ನಗರಸಭೆಯವರು ಲೋಕೋಪಯೋಗಿ ಇಲಾಖೆ ಕಡೆ, ಅವರು ಹೆದ್ದಾರಿ ಪ್ರಾಧಿಕಾರದ ಕಡೆ. ನಾಲ್ಕು ಕೈ ನಾಲ್ಕು ದಿಕ್ಕಿಗೆ, ಜನ ನಡುವೆ.

ಜಿಲ್ಲೆಯಲ್ಲಿ ಸೈಕಲ್ಲಿಗೆ ಜನ ಇಲ್ಲ ಎಂಬ ಮಾತೂ ಬರಬಹುದು. "ಎಲ್ಲರ ಮನೇಲೂ ಬೈಕ್ ಐತೆ, ಸೈಕಲ್ ಯಾರು ತುಳೀತಾರೆ?" ಎಂದು ಕೇಳುವವರಿದ್ದಾರೆ. ಮನೆಗೊಂದು ಬೈಕ್ ಇರಬಹುದು, ಆದರೆ ಮನೆಯಲ್ಲಿ ಐದು ಜನ ಇರುತ್ತಾರೆ. ಬೈಕ್ ಗಂಡಸಿನ ಜೊತೆ ಹೋದ ಮೇಲೆ ಉಳಿದ ನಾಲ್ವರು ಏನು ಮಾಡಬೇಕು? ಬೈಕಿಗೆ ಪೆಟ್ರೋಲು ಬೇಕು, ತಿಂಗಳ ಕಂತು ಕಟ್ಟಬೇಕು, ಲೈಸೆನ್ಸ್ ಬೇಕು. ಸೈಕಲ್ಲಿಗೆ ಇವು ಯಾವುದೂ ಬೇಡ.

ಸೈಕಲ್ ತುಳಿಯುವ ಜನ ಯಾರೆಂದು ಸರ್ಕಾರವೇ ಒಮ್ಮೆ ತೋರಿಸಿಕೊಟ್ಟಿತ್ತು. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂದಾಗ ಹಳ್ಳಿ ಹಳ್ಳಿಯಿಂದ ಹೈಸ್ಕೂಲಿಗೆ ಹೆಣ್ಣುಮಕ್ಕಳು ಸಾಲಾಗಿ ಹೊರಟರು. ಸಂಜೆ ಬಸ್ಸಿಗೆ ಕಾಯದೆ ಹೊತ್ತು ಮುಳುಗುವ ಮೊದಲು ಮನೆ ಸೇರಿದರು. ಓದು ಬಿಡಿಸಲು ದೂರದ ನೆಪ ಹೇಳುತ್ತಿದ್ದ ಮನೆಗಳಲ್ಲಿ ಆ ನೆಪ ಇಲ್ಲದಾಯಿತು. ಆ ಯೋಜನೆ ಕೋವಿಡ್ ಕಾಲಕ್ಕೆ ನಿಂತಿತು. ಶಾಲೆ ತೆರೆದಷ್ಟು ಬೇಗ ಸೈಕಲ್ ಮರಳಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಸೈಕಲ್ ಕೊಳ್ಳಲೋ ಬೇಡವೋ ಎಂದು ಯೋಚಿಸುವ ಹುಡುಗರಲ್ಲಿ ಎಷ್ಟೋ ಮಂದಿ ಎಂಟನೇ ತರಗತಿಯ ಸರ್ಕಾರಿ ಸೈಕಲ್ಲಿನಲ್ಲೇ ಓದಿ ಬಂದವರು. ಅವರಿಗೆ ತುಳಿಯಲು ಬಾರದೆ ಅಲ್ಲ. ದಾರಿ ಇಲ್ಲ.

ಕೇಳಬೇಕಾದ್ದು ಏನು?

ಕೇಳುವುದು ದೊಡ್ಡದೇನಲ್ಲ. ಹಿರಿಯೂರು, ಚಿತ್ರದುರ್ಗದ ಕಡೆ ಹೊಸ ಮಾರ್ಗದಲ್ಲಿ ಎಲ್ಲೆಲ್ಲಿ ನಿಲ್ದಾಣ ಬರುತ್ತದೋ ಅಲ್ಲೆಲ್ಲ ನಕ್ಷೆಯಲ್ಲೇ ಸೈಕಲ್ ಸ್ಟ್ಯಾಂಡಿಗೆ ಜಾಗ ಇರಲಿ. ಮೇಲೆ ಸೂರು, ಒಳಗೆ ದೀಪ, ಕಾಯಲು ಒಬ್ಬ ಆಳು. ಕಾರು ನಿಲ್ಲಿಸಲು ಎಕರೆಗಟ್ಟಲೆ ಕೊಡುವವರು ಸೈಕಲ್ಲಿಗೆ ನಾಲ್ಕು ಗುಂಟೆ ಕೊಟ್ಟರೆ ಸಾಕು. ಕಾರೊಂದು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ ಎಂಬುದು ಮಕ್ಕಳಿಗೂ ಗೊತ್ತು.

ಎರಡನೆಯದು ಊರಿನಿಂದ ನಿಲ್ದಾಣಕ್ಕೆ ಹೋಗುವ ರಸ್ತೆ. ಒಂದು ಅಂಚಿನಲ್ಲಿ ಎರಡು ಮೀಟರ್ ಬಿಟ್ಟು, ಕಲ್ಲಿನ ಅಂಚು ಕಟ್ಟಿ, ದೀಪದ ಕಂಬ ಹಾಕಿದರೆ ನಡೆಯುವವರಿಗೂ ಆಯಿತು, ತುಳಿಯುವವರಿಗೂ ಆಯಿತು. ಬಣ್ಣ ಬಳಿದು ಗೂಟ ನೆಟ್ಟರೆ ಬೆಂಗಳೂರಿನ ಗತಿಯೇ ಆಗುತ್ತದೆ. ರಸ್ತೆ ಮಾಡುವಾಗಲೇ ಮಾಡಿದರೆ ಖರ್ಚು ಕಮ್ಮಿ, ಆಮೇಲೆ ಅಗೆದು ಮಾಡಿದರೆ ಖರ್ಚೂ ಹೆಚ್ಚು, ಧೂಳೂ ಹೆಚ್ಚು.

ಮೂರನೆಯದು ಬಸ್ಸು. ಸಂಜೆ ರೈಲು ಬರುವ ಹೊತ್ತಿಗೆ ಬಸ್ಸು ನಿಲ್ದಾಣದ ಮುಂದೆ ನಿಂತಿರಬೇಕು. ಹೊಸದುರ್ಗ ರೋಡಿಗೆ ಸೈಕಲ್ ಸ್ಟ್ಯಾಂಡು ಕಟ್ಟಿದರೆ ಸುತ್ತಲಿನ ಹಳ್ಳಿಯವರಿಗೆ ಅನುಕೂಲ, ಆದರೆ ಇಪ್ಪತ್ತು ಕಿ.ಮೀ. ದೂರದ ಪಟ್ಟಣಕ್ಕೆ, ಅದರಾಚೆಯ ಶ್ರೀರಾಂಪುರಕ್ಕೆ ಬಸ್ಸೇ ಗತಿ. ರೈಲಿನ ವೇಳಾಪಟ್ಟಿ ಒಂದು ಗೋಡೆಯ ಮೇಲೆ, ಬಸ್ಸಿನ ವೇಳಾಪಟ್ಟಿ ಇನ್ನೊಂದು ಗೋಡೆಯ ಮೇಲೆ, ಎರಡಕ್ಕೂ ಮಾತುಕತೆಯೇ ಇಲ್ಲ ಎಂಬಂತಾಗಬಾರದು. ಎರಡೂ ಇಲಾಖೆಯ ಇಬ್ಬರು ಅಧಿಕಾರಿಗಳು ಒಂದು ಮೇಜಿನ ಮುಂದೆ ಒಂದು ಗಂಟೆ ಕೂತರೆ ಆಗುವ ಕೆಲಸ ಇದು. ಇದಕ್ಕೆ ಟೆಂಡರೂ ಬೇಡ, ಶಂಕುಸ್ಥಾಪನೆಯೂ ಬೇಡ. ಬಹುಶಃ ಅದಕ್ಕೇ ಯಾರೂ ಮುಂದೆ ಬರುವುದಿಲ್ಲವೇನೋ!

ನಾಲ್ಕನೆಯದು ಎಂಟನೇ ತರಗತಿಯ ಸೈಕಲ್. ಅದು ಮರಳಿ ಬರಬೇಕು. ಸೈಕಲ್ ತುಳಿಯುವ ಮಕ್ಕಳು ರಸ್ತೆಯಲ್ಲಿ ಕಂಡರೆ ಮಾತ್ರ ಸೈಕಲ್ ದಾರಿ ಬೇಕೆಂದು ಇಂಜಿನಿಯರರಿಗೂ ಅನಿಸುತ್ತದೆ.

ಶಾಸಕರು, ಸಂಸದರು ನೇರ ಮಾರ್ಗದ ಕಾಮಗಾರಿ ನೋಡಲು ಬಂದಾಗ ಫೋಟೋ ತೆಗೆಸಿಕೊಳ್ಳುವುದು ಹಳಿಯ ಪಕ್ಕದಲ್ಲಿ. ಜನ ಅವರನ್ನು ಹಳಿಯಿಂದ ಊರಿನವರೆಗೆ ಒಮ್ಮೆ ನಡೆಸಿಕೊಂಡು ಬರಬೇಕು. ಸಂಜೆ ಆರೂವರೆಗೆ, ಕೈಯಲ್ಲಿ ಒಂದು ಚೀಲ ಕೊಟ್ಟು. ಆಗ ಏನೇನು ಬೇಕು ಎಂಬ ಪಟ್ಟಿಯನ್ನು ಅವರೇ ಬರೆದುಕೊಳ್ಳುತ್ತಾರೆ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕೋಟೆಯ ಊರಿನವರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸದುರ್ಗದ ಜನ ನೂರಮೂವತ್ತು ವರ್ಷದಿಂದ ಊರಿಲ್ಲದ ನಿಲ್ದಾಣಕ್ಕೆ ಬಸ್ಸು ಹುಡುಕಿಕೊಂಡು ಹೋಗುತ್ತಿದ್ದಾರೆ. ಹಿರಿಯೂರಿನಲ್ಲೂ ಹಾಗೇ ಆಗಬಾರದು ಎಂದರೆ ನಕ್ಷೆ ಇನ್ನೂ ಮೇಜಿನ ಮೇಲಿರುವ ಈ ಹೊತ್ತಿನಲ್ಲೇ ಕೇಳಬೇಕು. ಪೀಣ್ಯದ ಹುಡುಗ ಒಂದು ಶನಿವಾರ ಸಂಜೆ ಬೆಂಗಳೂರಿನಲ್ಲಿ ಹತ್ತಿ ಹಿರಿಯೂರಿನಲ್ಲಿ ಇಳಿಯುವ ದಿನ ಬಂದಾಗ, ಅವನಿಗೆ ನಿಲ್ದಾಣದ ಮುಂದೆ ಶ್ರೀರಾಂಪುರದ ಬಸ್ಸು ಕಾಣಬೇಕು. ಜೊತೆಯಲ್ಲಿ ಇಳಿದ ಹಿರಿಯೂರಿನವನಿಗೆ ಬೆಳಿಗ್ಗೆ ಬೀಗ ಹಾಕಿಟ್ಟ ತನ್ನ ಸೈಕಲ್ ಅಲ್ಲೇ ಸಿಗಬೇಕು.